ಮೂರು ವರ್ಷದವರ ಪೈಕಿ

ಹುನಗುಂದದಲ್ಲಿ ನಮ್ಮ ಬಾಲವಾಡಿಯ ಬಾಯಾರ ಶ್ರದ್ಧಾಂಜಲಿ ಸಭೆಗೆ ಹೋದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವರ ಫೋಟೋ. ಸ್ಟುಡಿಯೋದವರು ಅವರನ್ನು ಬೆಳ್ಳಗೆ ಮಾಡಿಬಿಟ್ಟಿದ್ದರು. ಹಣೆ, ಕೆನ್ನೆ, ಗದ್ದ ಎಲ್ಲ ನಾದಿಟ್ಟ ಕಣಕದ ಬಣ್ಣ. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಮಾತ್ರ ಮರೆತಿದ್ದರು. ಅಲ್ಲಷ್ಟೇ ಬಾಯಾರು ಇದ್ದ ಹಾಗೆ ಇದ್ದರು, ಎರೆಮಣ್ಣಿನ ಬಣ್ಣದಲ್ಲಿ. ಎಳೆಯ ಮಕ್ಕಳ ನಡುವೆ ಕೂತು, ಬಣ್ಣ ನೋಡಿ ಜಾತಿ ನೋಡಿ ನಾವು ಅವರನ್ನು ಹೇಗೆ ಬೇರೆ ಬೇರೆ ಮಾಡುತ್ತೇವೆ ಅಂತ ಜೀವಮಾನವಿಡೀ ಬರೆದ ಹೆಂಗಸು. ಸತ್ತ ಮೇಲೆ ಅವರಿಗೇ ಬಿಳಿ ಬಳಿದು ಸೇವಂತಿಗೆ ಹಾರ ಹಾಕಿದ್ದರು.

ಅವರ ಪುಸ್ತಕವನ್ನು ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ಹಂಚುವ ಸಂಸ್ಥೆಯ ಕಾರ್ಯದರ್ಶಿಯವರು ಮಾತಾಡಿದರು. ಇಸ್ತ್ರಿ ಅಂಗಿಯ, ತೆಳ್ಳಗಿನ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಯಾರ ಮನಸ್ಸನ್ನೂ ನೋಯಿಸದೆ ಬರೆದ ಲೇಖಕಿ ಅಂದರು. ಮುಂದಿನ ಸಾಲಿನ ತಲೆಗಳೆಲ್ಲ ಹೌದೆಂದು ಅಲ್ಲಾಡಿದವು. ನಾನು ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ಮಡಚಿದೆ, ಮತ್ತೆ ಮಡಚಿದೆ, ಇನ್ನು ಮಡಚಲು ಬಾರದಷ್ಟು ಸಣ್ಣದಾಗುವವರೆಗೆ ಮಡಚಿದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಸಿಟ್ಟು ಬಂದರೆ ದನಿ ಇಳಿಸಬೇಕು, ಕೈಗೆ ಏನಾದರೂ ಕೆಲಸ ಕೊಡಬೇಕು ಅಂತ ಅಲ್ಲಿಯ ಸಿಸ್ಟರುಗಳು ಹೇಳಿಕೊಟ್ಟಿದ್ದರು.

ನೋಯಿಸುವುದೇ ಬಾಯಾರ ಕಸಬಾಗಿತ್ತು. ಅವರ ಪುಸ್ತಕ ಓದಿದವರಿಗೆ ಹಾಗೆ ಅನ್ನಿಸುವುದಿಲ್ಲವಾದರೆ, ಅದಕ್ಕೆ ಕಾರಣ ಅದರಲ್ಲಿ ಒಂದು ಪುಟ ಇಲ್ಲದಿರುವುದು. ಓದಿದವರಿಗೆ ಚುಚ್ಚಬೇಕಾಗಿದ್ದ ಪುಟ. ಅದನ್ನು ತೆಗೆದವಳು ನಾನು. ತೆಗೆದದ್ದು ಯಾಕೆಂದರೆ ಅದರಲ್ಲಿ ನಾನಿದ್ದೆ.

ಚಹದ ಹೊತ್ತಿಗೆ ಕಾರ್ಯದರ್ಶಿಯವರು ಹತ್ತಿರ ಬಂದರು. ಪುಸ್ತಕ ಮತ್ತೆ ಅಚ್ಚಾಗುತ್ತಿದೆ, ಬಾಯಾರ ಕೈಬರಹದ ಹಾಳೆಗಳು ನನ್ನ ಹತ್ತಿರ ಇವೆಯಂತೆ, ಕೊಟ್ಟರೆ ಅವುಗಳ ನಾಲ್ಕು ಚಿತ್ರ ಹಾಕಬಹುದು, ಜತೆಗೆ ಅವರ ಸ್ವಭಾವದ ಬಗ್ಗೆ ಒಂದು ಮುನ್ನುಡಿ ಬೇಕು ಅಂದರು.

“ಚಂದಂಗ ಬರಕೊಡ್ರಿ ಅಕ್ಕಾರ. ನಿಮ್ಮ ಕೈ ಮೆತ್ತಗ ಐತಿ.”

ಆ ಮುನ್ನುಡಿ ಇದು. ಮೆತ್ತಗೆ ಬರುತ್ತಿಲ್ಲ.

ನಾನು ಬಾಯಾರನ್ನು ಮೊದಲ ಸಲ ಕಂಡಾಗ ಅವರು ಕುಕ್ಕರಗಾಲಿನಲ್ಲಿ ಕೂತಿದ್ದರು. ಇಳಕಲ್ಲಿನ ನಮ್ಮ ಓಣಿಯ ತುದಿಗೆ, ಒಂದು ಹಳೆಯ ಗಾಣದ ಮನೆಯಲ್ಲಿ ಅವರ ಬಾಲವಾಡಿ. ನನ್ನ ಮಗಳು ಪಲ್ಲವಿಗೆ ಆಗ ಮೂರು ವರ್ಷ. ಹೆಸರು ಹಚ್ಚಲು ಹೋದವಳು ಬಾಗಿಲಲ್ಲಿ ನಿಂತು ಟೀಚರ್ ಎಲ್ಲಿ ಅಂತ ಮೇಲೆ ಮೇಲೆ ಹುಡುಕಿದೆ. ಅವರು ಕೆಳಗೆ ಇದ್ದರು, ಮಕ್ಕಳ ತಲೆಗಳ ಸಾಲಿನಲ್ಲೇ ತಮ್ಮ ತಲೆಯೂ ಇರುವ ಹಾಗೆ. ನಮ್ಮದು ಸೀರೆ ವ್ಯಾಪಾರದ ಮನೆ, ಕಣ್ಣು ಮೊದಲು ದಡಿಗೆ ಹೋಗುತ್ತದೆ: ಕಪ್ಪು ನೀಲಿ ಸೀರೆ, ತೊಳೆದು ತೊಳೆದು ಮಾಸಿದ ಕೆಂಪು ದಡಿ, ಸೆರಗು ಸೊಂಟಕ್ಕೆ ಬಿಗಿದದ್ದು, ಅದರ ತುದಿಯಲ್ಲಿ ಯಾರದೋ ಮೂಗು ಒರೆಸಿದ ಗುರುತು. ಅವರು ಎಲ್ಲರೊಡನೆಯೂ ಆ ಎತ್ತರದಿಂದಲೇ ಮಾತಾಡುತ್ತಿದ್ದರು. ಒಂದು ಸಲ ತಪಾಸಣೆಗೆ ಬಂದ ಸಾಹೇಬರಿಗೆ ಕುರ್ಚಿ ಕೊಟ್ಟು ತಾವು ಕೆಳಗೇ ಉಳಿದರು. ಸಾಹೇಬರು ಎರಡು ಪ್ರಶ್ನೆ ಕೇಳಿ, ಮೂರನೆಯದಕ್ಕೆ ತಾವೂ ಕುರ್ಚಿಯಿಂದಿಳಿದು ಪ್ಯಾಂಟಿನ ಮೊಳಕಾಲು ಎತ್ತಿಕೊಂಡು ನೆಲಕ್ಕೆ ಕೂತರು.

ಮಕ್ಕಳಿಗೆ ಬಹುವಚನ. ಬರ್ರಿ, ಕೂಡ್ರಿ, ಮೂಗು ಒರಸ್ಕೋರಿ. ಚೆಡ್ಡಿ ಒದ್ದೆ ಮಾಡಿಕೊಂಡವನಿಗೂ “ಆಗ್ಲಿ ಬಿಡ್ರಿ, ಬಿಸಲಾಗ ನಿಂದರ್ರಿ” ಅನ್ನುತ್ತಿದ್ದರು. ಓಣಿಯ ಹೆಂಗಸರು ಇದನ್ನು ಹೇಳಿ ಹೇಳಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಮ್ಮ ಊರಿನಲ್ಲಿ ಹೊಸಬರು ಮನೆಗೆ ಬಂದರೆ ಮೊದಲು ನೀರು ಕೊಡುತ್ತೇವೆ, ಆಮೇಲೆ ಯಾವ ಪೈಕಿ ಅಂತ ಕೇಳುತ್ತೇವೆ. ಕೆಲವರು ನೀರು ಕೊಡುವ ಮುಂಚೆಯೇ ಕೇಳಿಬಿಡುತ್ತಾರೆ. ನಮ್ಮ ಅತ್ತೆಯವರು ಎರಡನೆಯ ಜಾತಿಯವರು. ಬಾಯಾರು ಪಲ್ಲವಿಯ ವಿಷಯ ಹೇಳಲು ಮನೆಗೆ ಬಂದಾಗ ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಕೇಳಿಯೇಬಿಟ್ಟರು, ನೀವು ಯಾವ ಪೈಕಿ ಅಂತ.

“ನಾವು ಮೂರು ವರ್ಷದವರ ಪೈಕಿರಿ ಅವ್ವಾರ,” ಅಂದರು ಬಾಯಾರು. “ಅದರಾಗೂ ಮೂಗು ಸೋರಾವರು.”

ಅತ್ತೆ ನಕ್ಕರು. ಮರುವಾರವೇ ಬಳೆಗಾರ್ತಿಯನ್ನು ಕೇಳಿದರು, ಹಾಲಿನವನನ್ನು ಕೇಳಿದರು, ಬಾದಾಮಿ ಕಡೆಯಿಂದ ಬಂದ ಬೀಗರನ್ನು ಕೇಳಿದರು. ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದಾಗ ಮಂದಿ ಬಣ್ಣ ನೋಡಿ ಜಾತಿ ಕಟ್ಟಿದರು. ಬರೀ ಅಂದಾಜಿನ ಮೇಲೆಯೇ ನಮ್ಮ ಓಣಿಯ ಕೆಲವು ಬಾಗಿಲುಗಳು ಅವರಿಗೆ ಅರ್ಧ ಮಾತ್ರ ತೆರೆಯತೊಡಗಿದವು. ನಮ್ಮದೂ ಒಂದು. ನಮ್ಮ ಪಡಸಾಲೆಯ ಗೋಡೆಯ ಮೇಲೆ ಶರಣರ ದೊಡ್ಡ ಪಟ ಇದೆ; ಸೋಮವಾರಕ್ಕೊಮ್ಮೆ ಅದರ ಮುಂದೆ ಕೂತು, ಜಾತಿ ಇಲ್ಲ ಕುಲ ಇಲ್ಲ ಅಂತ ಮನೆಮಂದಿಯೆಲ್ಲ ತಾಳ ಹಾಕಿ ಹಾಡುತ್ತೇವೆ. ಅದನ್ನು ಬಾಯಾರು ಒಂದು ಸಲ ಹೊರಗೆ ಕಟ್ಟೆಯ ಮೇಲೆ ಕೂತು ಪೂರಾ ಕೇಳಿದರು. ರಾಗ ಚಲೋ ಐತಿ ಅಂದರು.

ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ಬರೆಯಬೇಕು, ಯಾಕೆಂದರೆ ಅದನ್ನು ಆ ಸಭೆಯಲ್ಲಿ ಯಾರೂ ಹೇಳಲಿಲ್ಲ. ಮಕ್ಕಳು ಮನೆಯಾಟ ಆಡುವ ಹೊತ್ತಿಗೆ ಅವರು ಮೊರದಲ್ಲಿ ಅಕ್ಕಿ ಹಾಕಿಕೊಂಡು, ಮಕ್ಕಳಿಗೆ ಅರ್ಧ ಬೆನ್ನು ಮಾಡಿ, ಹಸನು ಮಾಡುತ್ತ ಕೂಡುತ್ತಿದ್ದರು. ನಾವು ನೋಡುತ್ತಿದ್ದೇವೆ ಅಂತ ಗೊತ್ತಾದರೆ ಮಕ್ಕಳು ದೊಡ್ಡವರ ಹಾಗೆ ಒಳ್ಳೆಯವರಾಗಿಬಿಡುತ್ತಾರೆ, ಅದಕ್ಕೆ ಕಣ್ಣು ಅಕ್ಕಿಯಲ್ಲಿರಬೇಕು ಕಿವಿ ಅವರ ಕಡೆ ಇರಬೇಕು ಅನ್ನುತ್ತಿದ್ದರು. ಯಾರು ಯಾರನ್ನು ಸೊಸೆ ಮಾಡಿದರು, ಯಾರಿಗೆ ಯಾವಾಗಲೂ ಕಸ ಹೊಡೆಯುವ ಪಾತ್ರ ಬಂತು, ‘ನೀ ಕರ್ರಗದಿ, ನೀ ಕಳ್ಳ ಆಗು’ ಅಂತ ಯಾರು ಅಂದರು, ಎಲ್ಲ ಕೇಳಿಸಿಕೊಂಡು, ಮಕ್ಕಳು ಮಲಗಿದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆಯುತ್ತಿದ್ದರು. ಆ ಅಕ್ಕಿಯಲ್ಲಿ ಎಷ್ಟೋ ದಿನ ಒಂದು ಹರಳೂ ಇರುತ್ತಿರಲಿಲ್ಲ. ಹಸನಾದದ್ದನ್ನೇ ಮತ್ತೆ ಹಸನು ಮಾಡುತ್ತಿದ್ದರು.

ಹೀಗೆ ಬರೆದದ್ದರಲ್ಲಿ ಪೌಡರ್ ಹುಡುಗಿಯ ಪುಟ ಒಂದು. ಅವಳ ತಾಯಿ ದಿನವೂ ಅವಳ ಮುಖಕ್ಕೆ ಗದ್ದದವರೆಗೆ ಪೌಡರ್ ಮೆತ್ತಿ ಕಳಿಸುತ್ತಿದ್ದಳು. ಆ ಮಗು ನೀರಾಟಕ್ಕೆ ಬರುತ್ತಿರಲಿಲ್ಲ, ಓಡುತ್ತಿರಲಿಲ್ಲ. ಒಂದು ದಿನ ಬಿದ್ದು ಮೊಳಕಾಲು ಒಡೆದುಕೊಂಡಿತು. ಬಾಯಿ ತೆರೆದು ನಿಂತಿತು, ಅಳಲಿಲ್ಲ. ಬಾಯಾರು ಎಷ್ಟೋ ಹೊತ್ತು ಬಿಟ್ಟು ಕೇಳಿದರೆ, ಅತ್ತರೆ ಗೆರೆ ಬೀಳುತ್ತವೆ, ಗೆರೆ ಬಿದ್ದರೆ ಅವ್ವ ಬಡಿಯುತ್ತಾಳೆ ಅಂತ ಹೇಳಿತು. ಅಳುವುದನ್ನು ಬಿಡಿಸಿಕೊಂಡ ಮಗು ಅಂತ ಆ ಪುಟಕ್ಕೆ ಹೆಸರು. ಮುಂದೆ ಪುಸ್ತಕಕ್ಕಾಗಿ ಅದರ ಶುದ್ಧಪ್ರತಿ ಮಾಡುವಾಗ ನನ್ನ ಪೆನ್ನು ನಿಂತಿತ್ತು. ಆ ತಾಯಿಯ ಮೇಲೆ ಎಷ್ಟು ಸಿಟ್ಟು ಬಂದಿತ್ತು ನನಗೆ! ಬೇರೆಯವರ ಪುಟ ಓದುವಾಗ ಸಿಟ್ಟು ಬಹಳ ಸಲೀಸಾಗಿ ಬರುತ್ತದೆ.

ಮುಂದೆ ಅವರು ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತ ಊರೂರು ತಿರುಗತೊಡಗಿದರು. ಒಂದು ಸಲ ಬಾದಾಮಿಯ ಆಚೆಯ ಹಳ್ಳಿಯೊಂದಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿಯ ಹಾಜರಿ ಪುಸ್ತಕದಲ್ಲಿ ತಾಂಡಾದ ಒಬ್ಬ ಲಂಬಾಣಿ ಹುಡುಗನ ಹೆಸರಿನ ಮುಂದೆ ‘ಮೂಕ’ ಅಂತ ಬರೆದಿತ್ತು. ವರ್ಷದಿಂದ ಮಾತೇ ಆಡಿಲ್ಲ ಅಂತ ಕಾರ್ಯಕರ್ತೆ ಹೇಳಿದಳು. ಬಂದ ಹೊಸತರಲ್ಲಿ ಏನೋ ತಮ್ಮ ಭಾಷೆಯಲ್ಲಿ ಒದರುತ್ತಿದ್ದ, ಇಲ್ಲಿ ಹಾಗೆ ಮಾತಾಡಬಾರದು ಅಂದೆ, ಅಂದಿನಿಂದ ಮಾತು ಹೋಯಿತು ಅಂದಳು. ಬಾಯಾರು ಅವತ್ತಿನ ತರಬೇತಿ ನಿಲ್ಲಿಸಿ ತಾಂಡಾಕ್ಕೆ ನಡೆದರು. ಹುಡುಗನ ಅಜ್ಜಿಯ ಹತ್ತಿರ ಕೂತು ಅವರ ಮಾತಿನ ಹತ್ತು ಶಬ್ದ ಕಲಿತು, ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಬಂದರು. ಹುಡುಗನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗೈ ನೋಡಿ ನೋಡಿ, ಎಲ್ಲ ಶಬ್ದ ತಪ್ಪು ತಪ್ಪಾಗಿ ಅಂದರು. ಹುಡುಗ ಮೊದಲು ನಕ್ಕ, ಆಮೇಲೆ ತಿದ್ದಿದ, ಆಮೇಲೆ ಬಸ್ಸಿನ ಹೊತ್ತಾಗುವವರೆಗೆ ಬಾಯಿ ಮುಚ್ಚಲಿಲ್ಲ. ಹೊರಡುವ ಮುಂಚೆ ಬಾಯಾರು ಆ ಹಾಜರಿ ಪುಸ್ತಕ ತರಿಸಿ, ಕಾರ್ಯಕರ್ತೆಯ ಕೈಯಿಂದಲೇ ‘ಮೂಕ’ ಅನ್ನುವುದನ್ನು ಕೆಂಪು ಮಸಿಯಲ್ಲಿ ಹೊಡೆಸಿ, ಪಕ್ಕದಲ್ಲಿ ಸಹಿ ಮಾಡಿಸಿದರು. ಅವಳು ಅತ್ತಳು. ಬಾಯಾರು ಸಮಾಧಾನ ಮಾಡಲಿಲ್ಲ. ಬಸ್ಸಿನಲ್ಲಿ ನಾನು, ಪಾಪ ಇನ್ನೂ ಸಣ್ಣ ವಯಸ್ಸು ಅಂದೆ. ಸಣ್ಣ ವಯಸ್ಸು ಆ ಹುಡುಗನದು ಅಂದರು.

ಇಂಥವರನ್ನು, ಯಾರ ಮನಸ್ಸೂ ನೋಯಿಸಲಿಲ್ಲ ಅನ್ನುತ್ತಾರೆ.

ಇಳಕಲ್ಲಿನಲ್ಲಿ ಅವರ ಮೇಲೆ ದೂರು ಹೋಗಿತ್ತು. ಸಣ್ಣ ಮಕ್ಕಳಿಗೆ ಜಾತಿ ಕಲಿಸುತ್ತಾಳೆ ಅನ್ನುವುದು ದೂರು. ಬಾಯಾರು ಮಕ್ಕಳ ಆಟದಲ್ಲಿ ಕೇಳಿದ್ದನ್ನು ತಾಯಂದಿರ ಸಭೆಯಲ್ಲಿ ಓದಿ ಹೇಳಿದ್ದರು, ಯಾರ ಮಗು ಅಂತ ಹೇಳದೆ. ಪ್ರತಿಯೊಬ್ಬಳೂ ತನ್ನ ಮನೆಯ ಮಾತು ಗುರುತು ಹಿಡಿದಳು. ಮರುದಿನ ಗಂಡಸರು ಬಂದರು. ಎಂಟು ಹತ್ತು ಮಂದಿ, ಬಾಲವಾಡಿಯ ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದು ಸಾಲಾಗಿ ನಿಂತರು. ಅವರಲ್ಲಿ ನನ್ನ ಗಂಡನೂ ಇದ್ದರು. ನಮ್ಮ ಮಕ್ಕಳಿಗೆ ಇದೆಲ್ಲ ಏನೂ ಗೊತ್ತಿರಲಿಲ್ಲ, ಇವಳೇ ತಲೆಯಲ್ಲಿ ತುಂಬುತ್ತಿದ್ದಾಳೆ ಅಂತ ಒಬ್ಬರು ಕೂಗಾಡಿದರು. ಬಾಯಾರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಕೈ ನಿಧಾನವಾಗುತ್ತಿತ್ತು. ಅಕ್ಕಿಯಲ್ಲಿ ಬೆರಳಾಡಿಸುತ್ತಲೇ ತಲೆ ಎತ್ತಿ ನೋಡಿದರು.

“ಕಲಿಸಿ ಕಳಸಾವ್ರು ನೀವು,” ಅಂದರು. “ನಾ ಬರೇ ಪಾಠಾ ಒಪ್ಪಿಸಿಕೊಳ್ಳಾಕತ್ತೇನ್ರಿ.”

ಆ ವಾರ ಏಳು ಮಕ್ಕಳು ಬಾಲವಾಡಿ ಬಿಟ್ಟರು. ಪಲ್ಲವಿಯನ್ನು ನಾವು ಬಿಡಿಸಲಿಲ್ಲ. ಅದನ್ನು ನನ್ನ ದೊಡ್ಡ ಧೈರ್ಯ ಅಂತ ನಾನು ಬಹಳ ದಿನ ನಂಬಿದ್ದೆ. ಬಾಯಾರ ಪರವಾಗಿ ಮನೆಯಲ್ಲಿ ಮಾತಾಡಿದ್ದೆ, ಕೆಲವು ವರ್ಷದ ಮೇಲೆ ಅವರ ಕ್ಯಾಲೆಂಡರ್ ಹಾಳೆಗಳನ್ನು ಪುಸ್ತಕ ಮಾಡಲು ನಾನೇ ಶುದ್ಧಪ್ರತಿ ಬರೆದುಕೊಡುತ್ತೇನೆ ಅಂತ ಮುಂದೆ ಬಿದ್ದು ಹೇಳಿದ್ದೆ. ನನ್ನ ಅಕ್ಷರ ದುಂಡಗೆ, ಒಂದೇ ಅಳತೆ. ಅವರದು ಬಿಸಿಲಿಗೆ ಬಿದ್ದ ಇರುವೆಗಳ ಹಾಗೆ. ಮಧ್ಯಾಹ್ನ ಅಡಿಗೆಮನೆ ತೊಳೆದು ಮುಗಿಸಿ, ಹಿತ್ತಲ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಬರೆಯಲು ಕೂಡುತ್ತಿದ್ದೆ. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾನು ಬರೆದದ್ದನ್ನು ಅವರು ಓದಿ ನೋಡುತ್ತಿರಲಿಲ್ಲ, ಹಾಳೆಯ ಮೇಲೆ ಅಂಗೈ ಆಡಿಸಿ, ಚಲೋ ಆತ್ರಿ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಆ ಹಾಳೆ ಬಂತು. ಅದನ್ನು ಇಲ್ಲಿ ಇದ್ದ ಹಾಗೆಯೇ ಇಳಿಸುತ್ತಿದ್ದೇನೆ.

“ದಸರೆ ರಜೆ ಮುಗಿದ ಮರುದಿನ. ಮಕ್ಕಳು ಮನೆಯಿಂದ ಬನ್ನಿ ಎಲೆ ತಂದಿದ್ದಾರೆ. ಒಬ್ಬರ ಕೈಯಲ್ಲಿ ಒಬ್ಬರು ಎಲೆ ಇಟ್ಟು ಬಂಗಾರದಂಗ ಇರೂಣು ಅನ್ನುತ್ತಿದ್ದಾರೆ. ಚಪ್ಪಲಿ ಹೊಲಿಯುವವರ ಓಣಿಯ ನಾಲ್ಕು ವರ್ಷದ ಹುಡುಗಿ ಮುಷ್ಟಿ ತುಂಬ ಎಲೆ ಹಿಡಿದು ಗೆಳತಿಯ ಕಡೆ ಓಡುತ್ತಾಳೆ. ಗೆಳತಿಯ ತಾಯಿ ಮಗಳನ್ನು ಕರೆದೊಯ್ಯಲು ಬಂದು ಹೊಸ್ತಿಲಲ್ಲಿ ನಿಂತಿದ್ದಾಳೆ. ಕಾನ್ವೆಂಟಿನಲ್ಲಿ ಓದಿದವಳು, ಮೆತ್ತಗೆ ಮಾತಾಡುವವಳು. ಮಗಳ ಕೈ ಮುಂದೆ ಬಂದಿದೆ. ತಾಯಿ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆಯುತ್ತಾಳೆ, ಎರಡು ಬೆರಳಿನಷ್ಟು. ನಕ್ಕು ಹೇಳುತ್ತಾಳೆ: ‘ಅಲ್ಲೇ ಕೆಳಗ ಇಡು ಪುಟ್ಟಿ, ಆಮ್ಯಾಲ ತಗೋತಾಳ.’

“ಹುಡುಗಿ ಎಲೆಗಳನ್ನು ನೆಲಕ್ಕಿಟ್ಟಳು. ತಾಯಿ ಬೈಯಲಿಲ್ಲ. ಬೈದಿದ್ದರೆ ಮಗು ಅತ್ತು ಮರೆಯುತ್ತಿತ್ತು. ನಕ್ಕದ್ದರಿಂದ ಕಲಿಯಿತು. ಮರುದಿನದಿಂದ ಅವಳು ಯಾರಿಗೆ ಏನು ಕೊಡಬೇಕಾದರೂ ನೆಲಕ್ಕಿಡುತ್ತಾಳೆ. ನಾನು ಬಳಪಕ್ಕೆ ಕೈ ಚಾಚಿದರೆ ನನ್ನ ಕೈಯ ಪಕ್ಕದಲ್ಲಿ, ನೆಲದ ಮೇಲೆ ಇಟ್ಟು ಹೋಗುತ್ತಾಳೆ. ಕಲಿಸಲು ಒಂದು ನಿಮಿಷ ಸಾಕಾಯಿತು. ಬಿಡಿಸಲು ಎಂಟು ತಿಂಗಳು ಹಿಡಿಯಿತು. ಇನ್ನೊಂದು ಮಗು, ಕೈ ಎಳೆಸಿಕೊಂಡದ್ದು, ಅದೂ ಏನೋ ಕಲಿತಿರಬೇಕು. ಅದನ್ನು ಬಿಡಿಸಲು ನನಗೆ ಸಿಗಲಿಲ್ಲ. ಮುಂದಿನ ವರ್ಷ ತಾಯಿ ಅವಳನ್ನು ಇಂಗ್ಲಿಷ್ ಶಾಲೆಗೆ ಹಾಕಿದಳು.”

ಮಗಳನ್ನು ಕರೆದುಕೊಂಡು ಮನೆಗೆ ಬಂದದ್ದು ನೆನಪಿದೆ. ಆ ದಿನ ಉಟ್ಟ ಸೀರೆ ನೆನಪಿದೆ. ಎಲೆ ಹಿಡಿದ ಆ ಹುಡುಗಿಯ ಜಡೆಯಲ್ಲಿ ಕಟ್ಟಿದ್ದ ಹಸಿರು ರಿಬ್ಬನ್ ಒಂದು ಕಡೆ ಬಿಚ್ಚಿ ಜೋತಿತ್ತು, ಅದೂ ನೆನಪಿದೆ. ಕೈ ಎಳೆದದ್ದು ಮಾತ್ರ ಹಾಳೆ ಓದುವವರೆಗೆ ನೆನಪಿರಲಿಲ್ಲ. ನೆನಪಿಡುವಂಥದ್ದು ಅಂತ ಅನ್ನಿಸಿರಲೇ ಇಲ್ಲ. ಓದಿ ಮುಗಿಸಿ ಎದ್ದು ಹೋಗಿ ಕೈ ತೊಳೆದುಕೊಂಡೆ. ಬಂದು ಕೂತು, ಅದರ ಮುಂದಿನ ಹಾಳೆಯಿಂದ ಬರೆಯಲು ಸುರುಮಾಡಿದೆ.

ಪುಸ್ತಕ ಬಾಗಲಕೋಟೆಯಲ್ಲಿ ಅಚ್ಚಾಗಿ ಬಂತು. ಅಷ್ಟರಲ್ಲಿ ಬಾಯಾರ ಕಣ್ಣಿನ ಆಪರೇಶನ್ ಆಗಿತ್ತು. ಹಸಿರು ಬಟ್ಟೆ ಬಿಚ್ಚಿದ ಮೂರನೆಯ ವಾರಕ್ಕೆ ನಮ್ಮ ಮನೆಗೆ ಬಂದರು, ಕಪ್ಪು ಕನ್ನಡಕ ಹಾಕಿಕೊಂಡು, ಪುಸ್ತಕ ಎದೆಗವಚಿಕೊಂಡು. ಬನ್ನಿಯ ಹಾಳೆ ಎಲ್ಲಿ ಅಂದರು. ಪುಟ ಹೆಚ್ಚಾದವು ಅಂತ ಪ್ರೆಸ್ಸಿನವರು ತೆಗೆದರು ಅಂದೆ. ಸುಳ್ಳು ಎಷ್ಟು ಮೆತ್ತಗೆ ಬಂತೆಂದರೆ ನನಗೇ ನಿಜ ಅನ್ನಿಸಿತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಡಾಕ್ಟರು ಬಿಸಿಲಿಗೆ ತೆಗೆಯಬೇಡಿ ಅಂದಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಅದೊಂದ ಪುಸ್ತಕ ಇತ್ತಲ್ಲರಿ,” ಅಂದರು. “ಉಳದದ್ದೆಲ್ಲಾ ರಟ್ಟು.”

ಮತ್ತೆ ಆ ಮಾತು ಎತ್ತಲಿಲ್ಲ. ಆಮೇಲೆ ಅಷ್ಟು ವರ್ಷ ನಮ್ಮ ಮನೆಗೆ ಬಂದರು, ನನ್ನ ಕೈಯ ಚಹ ಕುಡಿದರು, ಪಲ್ಲವಿಯ ಲಗ್ನದಲ್ಲಿ ಎರಡು ದಿನ ಮುಂಚೆ ಬಂದು ಹೂವು ಕಟ್ಟಿದರು. ಪುಸ್ತಕ ಊರೂರಿಗೆ ಹೋಯಿತು. ಯಾರಿಗೂ ಚುಚ್ಚಲಿಲ್ಲ. ಪೌಡರ್ ಹುಡುಗಿಯನ್ನು ಓದಿ ಹೆಂಗಸರು ಕಣ್ಣೊರೆಸಿಕೊಂಡರು, ಲಂಬಾಣಿ ಹುಡುಗನನ್ನು ಓದಿ ಚಪ್ಪಾಳೆ ತಟ್ಟಿದರು. ಅವೆರಡೂ ಬೇರೆಯವರ ಕಥೆ, ಬೇರೆಯವರ ತಪ್ಪು. ಒಳ್ಳೆಯ ಮನೆಯ, ನಗುವ, ಮೆತ್ತಗಿನ ತಾಯಿಯೊಬ್ಬಳು ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಆದ್ದರಿಂದ ಒಳ್ಳೆಯ ಮನೆಯವರೆಲ್ಲ ಅದನ್ನು ಧೈರ್ಯವಾಗಿ ಹಂಚಿದರು, ಬಹುಮಾನ ಕೊಟ್ಟರು, ಕೊನೆಗೆ ಹಾರ ಹಾಕಿದರು.

ಸಭೆಯಿಂದ ಬಂದ ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದೆ, ಆ ಪುಟವನ್ನು ಹೊಸ ಮುದ್ರಣಕ್ಕೆ ಕೊಡುತ್ತೇನೆ ಅಂದೆ. ರೊಟ್ಟಿ ಮುರಿಯುತ್ತ ಕೂತವರು, ಬೇಕಾದರೆ ಕೊಡು, ಒಬ್ಬ ತಾಯಿ ಅಂತ ಇದೆಯಲ್ಲ, ಹಾಗೇ ಇರಲಿ ಅಂದರು. “ನಿನ್ನ ಹೆಸರ್ಯಾಕ? ಊರಾಗ ತಾಯಂದಿರಿಗೇನು ಬರ ಬಂದೈತಿ?” ಬಾಗಲಕೋಟೆಯ ನವನಗರದಲ್ಲಿರುವ ಪಲ್ಲವಿಗೆ ಫೋನು ಮಾಡಿದೆ. ಅವಳ ಮಗನಿಗೆ ಈಗ ಮೂರು ವರ್ಷ. ನನಗೆ ಏನೂ ನೆನಪಿಲ್ಲವ್ವಾ ಅಂದಳು. ಅವಳಿಗೆ ನೆನಪಿಲ್ಲ ಅನ್ನುವುದೇ ನನಗೆ ಹೆದರಿಕೆ. ನೆನಪಿಲ್ಲದೆ ಇದ್ದದ್ದರಿಂದಲೇ ನಾನೂ ಅಷ್ಟು ವರ್ಷ ಚೆನ್ನಾಗಿ ನಿದ್ದೆ ಮಾಡಿದ್ದೆ.

ಕಾರ್ಯದರ್ಶಿಯವರಿಗೆ ಆ ಪುಟದ ಫೋಟೋ ಕಳಿಸಿದೆ; ಓದಿ ಎರಡು ದಿನ ಬಿಟ್ಟು ಫೋನು ಮಾಡಿದರು. ಬರವಣಿಗೆ ಬಹಳ ಚೆನ್ನಾಗಿದೆ, ಆದರೆ ಈಗ ಕಾಲ ಬದಲಾಗಿದೆ, ಸುಮ್ಮನೆ ಮಂದಿಯ ಮನಸ್ಸಿಗೆ ನೋವು ಅಂದರು. ಯಾವ ಮಂದಿಯ ಮನಸ್ಸಿಗೆ ಅಂತ ಕೇಳಿದೆ. ನಿಮ್ಮದಕ್ಕೇ ಅಕ್ಕಾರ ಅಂದರು. ನನ್ನದನ್ನು ನಾನು ನೋಡಿಕೊಳ್ಳುತ್ತೇನೆ ಅಂದೆ. ಹಾಗಾದರೆ ಹೆಸರಿಲ್ಲದೆ ಹಾಕೋಣ, ಹಿಂದೆ ಅನುಬಂಧದಲ್ಲಿ ಹಾಕೋಣ ಅಂದರು. ಎಲೆ ನೆಲಕ್ಕಿಟ್ಟ ಆ ಹುಡುಗಿ ಏನೆನ್ನುತ್ತಾಳೋ ಕೇಳಿ ಹೇಳುತ್ತೇನೆ ಅಂತ ಫೋನು ಇಟ್ಟೆ. ಹಾಗೆ ಅಂದ ಮೇಲೆಯೇ ನನಗೆ ಹೊಳೆದದ್ದು, ಅವಳನ್ನು ಕೇಳಬೇಕು ಅಂತ ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಅವರ ಓಣಿಗೆ ಹೋಗಿ ವಿಚಾರಿಸಿದೆ: ಅವಳು ಈಗ ಮರೋಳದ ಕಡೆಯ ಒಂದು ಹಳ್ಳಿಯಲ್ಲಿ ನರ್ಸು. ಹುನಗುಂದದಿಂದ ಬಸ್ಸು ಹಿಡಿದು ಹೋದೆ. ಅವತ್ತು ಲಸಿಕೆಯ ದಿನ. ಉಪಕೇಂದ್ರದ ಕಟ್ಟೆಯ ಮೇಲೆ ತಾಯಂದಿರ ಸಾಲು, ಟೊಪ್ಪಿಗೆ ಹಾಕಿದ ಕೂಸುಗಳು. ಒಬ್ಬೊಬ್ಬಳೂ ಬಂದು ತನ್ನ ಕೂಸನ್ನು ಅವಳ ಕೈಗೆ ಕೊಡುತ್ತಿದ್ದಳು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಎರಡು ಸೂಜಿಗಳ ನಡುವಿನ ಸಂದಿಯಲ್ಲಿ, ಹೇಳಬೇಕಾದ್ದನ್ನು ಹೇಳಿದೆ. ಅವಳು ಕಾರ್ಡಿನ ಮೇಲೆ ಬರೆಯುವುದನ್ನು ನಿಲ್ಲಿಸಲಿಲ್ಲ.

“ನನಗ ನೆನಪಿಲ್ಲರಿ,” ಅಂದಳು. “ನರ್ಸಿಂಗಿಗೆ ಹೋಗೂ ಮುಂದ ಬಾಯಾರು ಹೇಳಿದ್ರು. ಯಾರ್ರಿ ಆಕಿ ಅಂತ ಕೇಳಿದ್ನಿ. ಅದನ್ನ ಅವರ ಬಂದು ಹೇಳಬೇಕು, ನಾ ಹೇಳಿದ್ರ ಚಾಡಿ ಆಗ್ತದ ಅಂದ್ರು.”

“ಆಕಿ ನಾನ,” ಅಂದೆ.

“ಹೂಂ. ತಿಳೀತು.” ಸಿರಿಂಜಿನ ಗಾಳಿ ತೆಗೆದಳು. “ಫೋನ್ ಮಾಡಿದಾಗೊಮ್ಮೆ ಕೇಳತಿದ್ರು, ಯಾರರ ಬಂದಿದ್ರೇನ್ರಿ ನಿಮ್ಮನ್ನ ಹುಡುಕ್ಕೊಂಡು ಅಂತ. ದವಾಖಾನ್ಯಾಗಿಂದನೂ ಕೇಳಿದ್ರು.”

ಹಾಗಾದರೆ ಅವರಿಗೆ ಎಲ್ಲ ಗೊತ್ತಿತ್ತು. ಪ್ರೆಸ್ಸಿನವರು ತೆಗೆಯಲಿಲ್ಲ ಅಂತ ಗೊತ್ತಿತ್ತು. ನನ್ನ ಮನೆಯಲ್ಲಿ ಚಹ ಕುಡಿಯುತ್ತ, ನನ್ನ ಮಗಳ ಲಗ್ನಕ್ಕೆ ಹೂವು ಕಟ್ಟುತ್ತ ಕೂತವರು, ನಾನು ಬಾಯಿ ತೆರೆಯುವುದನ್ನು ಕಾಯುತ್ತಿದ್ದರು. ಮಕ್ಕಳು ತಾವಾಗಿ ಹೇಳುವವರೆಗೆ ಅಕ್ಕಿಯಲ್ಲಿ ಕಣ್ಣಿಟ್ಟು ಕಾಯುವುದು ಅವರಿಗೆ ಗೊತ್ತಿತ್ತಲ್ಲ. ನನಗೆ ಆಗ ಅವರ ಮೇಲೆಯೂ ಸಿಟ್ಟು ಬಂತು. ಒಂದು ಸಲ ಬೈದಿದ್ದರೆ ಆಗುತ್ತಿತ್ತು. ಆ ಬಸ್ಸಿನಲ್ಲಿ ಅಂದ ಹಾಗೆ ನನಗೂ ಒಂದು ಮಾತು ಅಂದಿದ್ದರೆ ಅವರ ಪುಟ ಅವರು ಬದುಕಿದ್ದಾಗಲೇ ಅಚ್ಚಾಗುತ್ತಿತ್ತು.

ಪುಟ ಅಚ್ಚು ಹಾಕಿಸಲೇ ಅಂತ ಕೇಳಿದೆ. ಕ್ಷಮೆ ಸಿಗುತ್ತದೆ ಅಂತ ಹೋಗಿದ್ದೆ ನಾನು, ಈಗ ಬರೆಯುವಾಗ ತಿಳಿಯುತ್ತಿದೆ. ಅದನ್ನು ಕೊಡುವ ಪುರುಸೊತ್ತು ಅವಳಿಗಿರಲಿಲ್ಲ.

“ಛಾಪಿಸ್ರಿ. ನನ್ನ ಹೆಸರು ಬರೀಬ್ಯಾಡ್ರಿ, ನಾ ಇಲ್ಲಿ ನೌಕರಿ ಮಾಡಬೇಕು. ನಿಮ್ಮದು ಬರೀರಿ.” ನನ್ನನ್ನು ದಾಟಿ ಕಟ್ಟೆಯ ಕಡೆ ನೋಡಿದಳು. “ಮುಂದ ಯಾರ್ರಿ, ಬರ್ರಿ.”

ಮನೆಗೆ ಬಂದು ಆ ಹಾಳೆಯನ್ನು ಶುದ್ಧಪ್ರತಿ ಮಾಡಿದೆ, ಎಂದೋ ಮಾಡಬೇಕಾಗಿದ್ದನ್ನು. ‘ಗೆಳತಿಯ ತಾಯಿ’ ಅಂತಿದ್ದ ಕಡೆ ‘ಇಳಕಲ್ಲಿನ ಸೀರೆ ಅಂಗಡಿಯ ಮನೆಯ ಶೈಲಾ’ ಅಂತ ಬರೆದೆ. ಬಾಯಾರ ಬರಹವನ್ನು ನಾನು ಎರಡೇ ಸಲ ತಿದ್ದಿದ್ದೇನೆ. ಮೊದಲನೆಯದಕ್ಕೆ ಅವರನ್ನು ಕೇಳಲಿಲ್ಲ, ಎರಡನೆಯದಕ್ಕೆ ಕೇಳಲು ಅವರಿಲ್ಲ.

ಕಾರ್ಯದರ್ಶಿಯವರಿಗೆ ಈ ಮುನ್ನುಡಿಯನ್ನು ಇಂದೇ ಕಳಿಸುತ್ತಿದ್ದೇನೆ. ಆ ಪುಟ ಹೆಸರಿನ ಸಮೇತ, ಅನುಬಂಧದಲ್ಲಲ್ಲ, ಪುಸ್ತಕದ ಮೊದಲಿಗೆ ಬರಬೇಕು. ಬಾರದಿದ್ದರೆ ಕ್ಯಾಲೆಂಡರಿನ ಒಂದು ಹಾಳೆಯನ್ನೂ ನಾನು ಕೊಡುವುದಿಲ್ಲ. ಇಳಕಲ್ಲಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸುಗಳು ಬೇಕಾದಷ್ಟಿವೆ. ನಾನೇ ಅಚ್ಚು ಹಾಕಿಸುವ ಒಂದು ಪುಟಕ್ಕೆ ಯಾರೂ ಇಲ್ಲ ಅನ್ನಲಾರರು.